ಗೇರ್ ತಪ್ಪಿದರೆ ಸ್ಕ್ರೂಡ್ರೈವರ್ ಆಮೇಲೆ ಹುಡುಕಿ

ನಮ್ಮ ಕಲಬುರಗಿಯಲ್ಲಿ ಗೇರ್ ಸೈಕಲ್ ಹಿಂದೆ ಕಟಕಟ ಅಂದ್ರೆ ಸಾಕು, ಯಾರಾದರೂ ಸ್ಕ್ರೂಡ್ರೈವರ್ ತಂದು ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಮೇಲಿನ ಎರಡು ಸಣ್ಣ ಸ್ಕ್ರೂ ತಿರುಗಿಸೋಕೆ ಕೂತುಬಿಡುತ್ತಾರೆ. ಆ ಸ್ಕ್ರೂ ಇರೋದು ಬೇಲಿ ಥರ. ‘ಎಚ್’ ಅಂತ ಬರೆದಿರೋದು ಚೈನು ಸಣ್ಣ ಚಕ್ರದಿಂದ ಆಚೆ ಬೀಳದ ಹಾಗೆ ತಡೆಯುತ್ತದೆ, ‘ಎಲ್’ ಅನ್ನೋದು ದೊಡ್ಡ ಚಕ್ರ ದಾಟಿ ಗಾಲಿಯ ಕಡ್ಡಿಗಳ ಕಡೆ ಹೋಗದ ಹಾಗೆ. ನಡುವಿನ ಗೇರುಗಳ ಕಟಕಟಕ್ಕೂ ಅವಕ್ಕೂ ಸಂಬಂಧವೇ ಇಲ್ಲ.

ನಡುವಿನದ್ದೆಲ್ಲ ಕೇಬಲ್ ಕೆಲಸ. 1984ರಲ್ಲಿ ಶಿಮಾನೋ ಕ್ಲಿಕ್ ಗೇರ್ ತಂದ ಮೇಲೆ, ಒಂದು ಕ್ಲಿಕ್ಕಿಗೆ ಕೇಬಲ್ ಇಷ್ಟೇ ಎಳೆಯಬೇಕು ಅಂತ ಲೆಕ್ಕ ಬಂತು. ಸ್ವಲ್ಪ ಸಡಿಲಾದರೂ ಚೈನು ಎರಡು ಚಕ್ರದ ನಡುವೆ ಒದ್ದಾಡುತ್ತದೆ. ಗೇರನ್ನು ತೀರಾ ಸಣ್ಣ ಚಕ್ರಕ್ಕೆ ತಂದು, ಒಂದೇ ಕ್ಲಿಕ್ ಮಾಡಿ, ಪೆಡಲ್ ಕೈಯಲ್ಲಿ ತಿರುಗಿಸಿ ನೋಡಿ. ಚೈನು ಮೇಲೆ ಹತ್ತದಿದ್ದರೆ, ಕೇಬಲ್ ಡಿರೇಲರ್ ಒಳಗೆ ಹೋಗುವ ಕಡೆ ಇರುವ ನಾಬನ್ನು ಹಿಂದಿನಿಂದ ನೋಡುತ್ತಾ ಎಡಕ್ಕೆ ಕಾಲು ಸುತ್ತು ತಿರುಗಿಸಿ. ಹತ್ತಿದ ಮೇಲೂ ಅದರ ಪಕ್ಕದ ಇನ್ನೂ ದೊಡ್ಡ ಚಕ್ರಕ್ಕೆ ಉಜ್ಜುತ್ತಿದ್ದರೆ ಬಲಕ್ಕೆ. ಅಷ್ಟೇ, ಜಾಸ್ತಿ ಬೇಡ.

ಚೈನು ದೊಡ್ಡ ಚಕ್ರಕ್ಕೆ ಬೇಗ ಹತ್ತಿ, ಇಳಿಯೋಕೆ ಮಾತ್ರ ತಡ ಮಾಡುತ್ತಿದ್ದರೆ ಕೇಬಲ್ ಕವರ್ ಒಳಗೆ ಮಣ್ಣು ಹೊಕ್ಕಿರುತ್ತದೆ. ಮಳೆಗಾಲದಲ್ಲಿ ತೊಗರಿ ಹೊಲದ ದಾರಿ ಹಿಡಿದವರಿಗೆ ಇದು ಗೊತ್ತು ಅಲ್ವಾ, ನಮ್ಮ ಎರೆಮಣ್ಣು ಎಲ್ಲಿ ಹೊಕ್ಕರೂ ಬಿಡೋದಿಲ್ಲ. ಹಿಂದಿನ ಗಾಲಿಯ ಹತ್ತಿರ ಬಾಗಿರುವ ಆ ಗೇಣುದ್ದದ ಕವರಲ್ಲೇ ಅದು ಸೇರೋದು. ಎಣ್ಣೆ ಹಾಕಿದರೆ ಬೇಸಿಗೆಯ ಧೂಳು ಇನ್ನೂ ಅಂಟುತ್ತದೆ. ಸುಮ್ನೆ ಕೇಬಲ್, ಕವರ್ ಎರಡೂ ಹೊಸದು ಹಾಕಿ.

ಇನ್ನು ಹ್ಯಾಂಗರ್. ನನ್ನ ಪ್ರಕಾರ ಇದನ್ನೇ ಮೊದಲು ನೋಡಬೇಕು. ಸೈಕಲ್ ಬಲಕ್ಕೆ ಬಿದ್ದಿದ್ದರೆ, ಇಲ್ಲಾ ಬಸ್ಸಿನ ಮೇಲೆ ಹಾಕಿ ತಂದಿದ್ದರೆ, ಡಿರೇಲರ್ ನೇತುಬಿದ್ದಿರುವ ಆ ಪಟ್ಟಿ ಒಳಗೆ ಬಾಗಿರುತ್ತದೆ. ಹಿಂದೆ ಕೂತು ನೋಡಿ, ಡಿರೇಲರ್‌ನ ಎರಡು ಸಣ್ಣ ಗಾಲಿಗಳು ಮೇಲಿನ ಚಕ್ರದ ಸಾಲಿಗೆ ನೇರ ಇಲ್ಲದಿದ್ದರೆ ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ. ಬಿಚ್ಚುವಂಥದ್ದಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಮಾಡೆಲಿಗೊಂದು ಆಕಾರ ಇರುತ್ತದೆ.

ಅದು ನೇರ ಆದ ಮೇಲೂ ದೊಡ್ಡ ಚಕ್ರದಿಂದ ಚೈನು ಕಡ್ಡಿಗೆ ಬಿದ್ದರೆ, ಆಗ ‘ಎಲ್’ ಸ್ಕ್ರೂ ಸ್ವಲ್ಪ ಬಿಗಿ ಮಾಡಿ.