ಎಚೆ ಅಂದ್ರೆ ಮನೆ

ದೊನೋಸ್ತಿಯಾಕ್ಕೆ ಹೋಗಿ ಬಂದು ಎರಡು ತಿಂಗಳಾಯಿತು. ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ ಮಾತು, "ಟೀಚರ್, ಬೀಚ್ ಹೇಗಿತ್ತು?" ಬೀಚ್ ತುಂಬಾ ಚೆನ್ನಾಗಿತ್ತು. ಅದನ್ನೂ ಬರೆಯುತ್ತೇನೆ. ಆದರೆ ನನ್ನ ತಲೆಯಲ್ಲಿ ಈಗಲೂ ಸುತ್ತುತ್ತಿರುವುದು ಬೇರೆ ಸಂಗತಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಅದನ್ನು ಬರೆಯದೆ ಇರಲಾರೆ.

ಊರು ಸ್ಪೇನಿನ ಉತ್ತರದ ಅಂಚಿನಲ್ಲಿದೆ. ಫ್ರಾನ್ಸ್ ಗಡಿಗೆ ಸುಮಾರು 20 ಕಿಲೋಮೀಟರ್. ಸ್ಪ್ಯಾನಿಷ್‌ನಲ್ಲಿ ಸಾನ್ ಸೆಬಾಸ್ಟಿಯನ್, ಆ ಸೀಮೆಯವರ ಸ್ವಂತ ಭಾಷೆಯಾದ ಬಾಸ್ಕ್‌ನಲ್ಲಿ ದೊನೋಸ್ತಿಯಾ. ಬೋರ್ಡುಗಳಲ್ಲಿ ಎರಡೂ ಹೆಸರು ಇರುತ್ತದೆ. ನನ್ನ ಮಗಳು ಎರಡು ವರ್ಷದಿಂದ ಅಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಜೂನ್ ತಿಂಗಳಲ್ಲಿ ಅವಳ ಪುಟ್ಟ ಬಾಡಿಗೆ ಮನೆಯಲ್ಲಿ ಹನ್ನೊಂದು ದಿನ ಇದ್ದೆ.

ಫ್ರಾನ್ಸ್ ಕಡೆಯಿಂದ ಬಂದರೆ ಗಡಿಯ ಹೆಂದಾಯ್‌ನಲ್ಲಿ ಇಳಿದು ಸಣ್ಣ ರೈಲು ಹತ್ತಬೇಕು. ಅಲ್ಲಿನವರು ಅದನ್ನು 'ತೋಪೊ' ಅನ್ನುತ್ತಾರೆ. ಹಾಗಂದ್ರೆ ನೆಲ ಕೊರೆಯುವ ಮೋಲ್ ಅನ್ನುವ ಪ್ರಾಣಿ. ಅಷ್ಟೊಂದು ಸುರಂಗ ದಾಟಿ ಹೋಗುತ್ತದೆ ಆ ರೈಲು. ಕತ್ತಲು, ಒಂದು ಹಸಿರು ಗುಡ್ಡ, ಮತ್ತೆ ಕತ್ತಲು. ನಮ್ಮ ಕೊಂಕಣ ರೈಲಿನಲ್ಲಿ ಕಾರವಾರದ ಕಡೆ ಹೋದ ಹಾಗೇ ಅನಿಸಿತು.

ಬೀಚಿನ ಹೆಸರು ಲಾ ಕೊಂಚಾ. ಚಿಪ್ಪು ಅಂತ ಅರ್ಥ. ನಿಜಕ್ಕೂ ಚಿಪ್ಪಿನ ಆಕಾರದ ಕೊಲ್ಲಿ. ಬಲಕ್ಕೆ ಉರ್ಗುಲ್ ಗುಡ್ಡ, ಎಡಕ್ಕೆ ಇಗೆಲ್ಡೊ ಗುಡ್ಡ, ಬಾಯಿಗೆ ಅಡ್ಡವಾಗಿ ಸಾಂತಾ ಕ್ಲಾರಾ ಅನ್ನುವ ದ್ವೀಪ. ದೊಡ್ಡ ಅಲೆಗಳೆಲ್ಲ ಹೊರಗೇ ಒಡೆದು ಒಳಗೆ ಬರುವಾಗ ಮೆತ್ತಗಾಗಿರುತ್ತವೆ. ಮಕ್ಕಳನ್ನು ನೀರಿಗೆ ಬಿಟ್ಟು ತಾಯಂದಿರು ನೆಮ್ಮದಿಯಾಗಿ ಮಾತಾಡುತ್ತಾ ಕೂತಿರುತ್ತಾರೆ.

ನಾನು ಹೊನ್ನಾವರದವಳು. ಸಮುದ್ರ ನನಗೆ ಹೊಸದಲ್ಲ. ಆದರೆ ಅಲ್ಲಿನ ಉಬ್ಬರ ಇಳಿತ ಕಂಡು ಬೆರಗಾದೆ. ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ನೀರು ನಾಲ್ಕು ಮೀಟರಿಗಿಂತ ಜಾಸ್ತಿ ಏರಿ ಇಳಿಯುತ್ತದೆ. ನಮ್ಮ ಕಾಸರಕೋಡಿನಲ್ಲಿ ಸುಮಾರು ಅದರ ಅರ್ಧ. ಬೆಳಿಗ್ಗೆ ಎಂಟಕ್ಕೆ ಹೋದಾಗ ಕಣ್ಣು ಹಾಯುವಷ್ಟು ಮರಳು. ವಾಕಿಂಗ್ ಮಾಡುವ ಅಜ್ಜಂದಿರು ಕಣಕಾಲು ನೀರಿನಲ್ಲಿ ಸಾಲಾಗಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಅದೇ ಜಾಗದಲ್ಲಿ ನೀರು ಗೋಡೆಗೆ ತಾಗುತ್ತಿತ್ತು. ಟವೆಲ್ ಹಾಸಿದವರೆಲ್ಲ ಎದ್ದು ಹಿಂದೆ ಹಿಂದೆ ಸರಿಯುತ್ತಿದ್ದರು. ಇಳಿತ ಇದ್ದಾಗ ಬಂಡೆಯ ಕೆಳಗಿನಿಂದಲೇ ನಡೆದು ಪಕ್ಕದ ಒಂದಾರೆತಾ ಬೀಚಿಗೆ ಹೋಗಬಹುದು. ಹೋಗುವವರು ಉಬ್ಬರದ ವೇಳೆ ನೋಡಿಕೊಂಡೇ ಹೊರಡಿ.

ಇಷ್ಟು ಚೆಂದದ ಊರು ತಾನಾಗಿ ಆದದ್ದಲ್ಲ. 1845ರಲ್ಲಿ ಸ್ಪೇನಿನ ರಾಣಿ ಎರಡನೇ ಇಸಾಬೆಲ್ ಚರ್ಮದ ಕಾಯಿಲೆಗೆ ಸಮುದ್ರಸ್ನಾನ ಒಳ್ಳೆಯದು ಅಂತ ವೈದ್ಯರು ಹೇಳಿದ್ದಕ್ಕೆ ಇಲ್ಲಿಗೆ ಬಂದಳು. ಆಗ ಅವಳಿಗೆ ಬರೀ 14 ವರ್ಷ. ರಾಣಿ ಬಂದ ಮೇಲೆ ಶ್ರೀಮಂತರೆಲ್ಲ ಬಂದರು. 1863ರಲ್ಲಿ ಕೋಟೆಗೋಡೆ ಕೆಡವಿ ಊರನ್ನು ಹರಡಿದರು. ಮುಂದೆ ರಾಣಿ ಮರಿಯಾ ಕ್ರಿಸ್ತಿನಾ ಕೊಲ್ಲಿಯ ಎದುರು ಗುಡ್ಡದ ಮೇಲೆ ಮಿರಾಮಾರ್ ಅರಮನೆ ಕಟ್ಟಿಸಿದಳು. ಅದು ಮುಗಿದದ್ದು 1893ರಲ್ಲಿ. ಅವಳು ಸ್ನಾನ ಮಾಡಲು ಹಳಿಯ ಮೇಲೆ ಓಡುವ ಒಂದು ಕೋಣೆ ಇತ್ತಂತೆ. ಆ ಕೋಣೆ ಸೀದಾ ನೀರಿಗೆ ಇಳಿಯುತ್ತಿತ್ತು. ಈಗಿನ ಪುರಸಭೆ ಕಟ್ಟಡ 1887ರಲ್ಲಿ ಕ್ಯಾಸಿನೋ ಅಂತ ಶುರುವಾದದ್ದು. ಬೀಚಿನುದ್ದಕ್ಕೂ ಇರುವ ಬಿಳಿ ಕಬ್ಬಿಣದ ಕಟಾಂಜನ ಇಡೀ ಊರಿನ ಗುರುತು. ಅಂಗಡಿಯ ಕೀಚೈನಿನಿಂದ ಹಿಡಿದು ಚಾಕೊಲೇಟ್ ಡಬ್ಬಿಯವರೆಗೆ ಅದೇ ಹೂವಿನ ವಿನ್ಯಾಸ.

ಅಂದ್ರೆ ಇದು ಹೊರಗಿನವರ ಸುಖಕ್ಕಾಗಿ ಸಿಂಗರಿಸಿಕೊಂಡ ಊರು. ಹಾಗಾಗಿ ಇಲ್ಲಿ ಊರವರ ಭಾಷೆ ಉಳಿದಿರಲಾರದು ಅಂತಲೇ ನಾನು ಅಂದುಕೊಂಡಿದ್ದೆ.

ಎರಡನೇ ದಿನ ಮಗಳ ಫ್ರಿಜ್ಜಿನ ಮೇಲೆ ಅಂಟಿಸಿದ ಒಂದು ಚೀಟಿ ಕಣ್ಣಿಗೆ ಬಿತ್ತು. ಅವಳು ಸಂಜೆ ಕ್ಲಾಸಿಗೆ ಹೋಗಿ ಬಾಸ್ಕ್ ಕಲಿಯುತ್ತಿದ್ದಾಳೆ. ಆ ಭಾಷೆಯನ್ನು ಅವರು ಎಉಸ್ಕರಾ ಅನ್ನುತ್ತಾರೆ. ಚೀಟಿಯಲ್ಲಿ ನಾಲ್ಕು ಪದ ಇತ್ತು. ಓದಿಸಿಕೊಂಡೆ.

"ಎಚೆ ಅಂದ್ರೆ ಮನೆ, ಅಮ್ಮ. ಎಚೆಆನ್ ಅಂದ್ರೆ ಮನೆಯಲ್ಲಿ. ಎಚೆತಿಕ್, ಮನೆಯಿಂದ. ಎಚೆರಾ, ಮನೆಗೆ."

ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಇದು ನಾನು ಎಂಟನೇ ಕ್ಲಾಸಿಗೆ ಬೋರ್ಡಿನ ಮೇಲೆ ಬರೆಯುತ್ತಿದ್ದ ವಿಭಕ್ತಿ ಪ್ರತ್ಯಯ! ಪದದ ಬೆನ್ನಿಗೆ ಪ್ರತ್ಯಯ ಅಂಟುತ್ತಾ ಹೋಗುತ್ತದೆ. ಇಂಗ್ಲಿಷಿನ ಹಾಗೆ, ಸ್ಪ್ಯಾನಿಷಿನ ಹಾಗೆ ಪದಕ್ಕಿಂತ ಮೊದಲು ಬೇರೆ ಪದ ಬಂದು ನಿಲ್ಲುವುದಿಲ್ಲ. "ಒಂದು ವಾಕ್ಯ ಹೇಳು ನೋಡುವ" ಅಂದೆ. "ನಿ ಎಚೆರಾ ನೋಆ" ಅಂದಳು. ನಾನು, ಮನೆಗೆ, ಹೋಗುತ್ತೇನೆ. ಕ್ರಿಯಾಪದವೂ ನಮ್ಮ ಹಾಗೆ ಕೊನೆಗೆ!

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಕನ್ನಡಕ್ಕೂ ಬಾಸ್ಕಿಗೂ ನೆಂಟಸ್ತಿಕೆ ಇಲ್ಲ. ಬಾಸ್ಕಿಗೆ ಜಗತ್ತಿನ ಯಾವ ಭಾಷೆಯ ಜೊತೆಗೂ ಸಂಬಂಧ ಇದೆ ಅಂತ ಇದುವರೆಗೆ ಸಾಬೀತಾಗಿಲ್ಲ. ಸುತ್ತ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳೇ ತುಂಬಿರುವ ಯುರೋಪಿನ ಮೂಲೆಯಲ್ಲಿ ಅದು ಒಂಟಿಯಾಗಿ ಉಳಿದುಕೊಂಡು ಬಂದಿದೆ. ಕಟ್ಟುವ ರೀತಿಯಲ್ಲಿ ಮಾತ್ರ ನಮ್ಮ ಹಾಗೆ. ಎಲ್ಲದರಲ್ಲೂ ಅಲ್ಲ. ಬೀಚಿನ ಪಕ್ಕದ ಉದ್ಯಾನದ ಹೆಸರು ಅಲ್ದೆರ್ದಿ ಎದೆರ್. 'ಎದೆರ್' ಅಂದ್ರೆ ಚೆಂದದ, ಅದು ನಾಮಪದ ಆದಮೇಲೆ ಬರುತ್ತದೆ. ನಮ್ಮಲ್ಲಿ ನಾಮಪದಕ್ಕಿಂತ ಮೊದಲು. ಆದರೂ ಅವತ್ತಿನಿಂದ ಬೋರ್ಡು ಓದುವ ಹುಚ್ಚು ಹಿಡಿಯಿತು. ಬಸ್ ಸ್ಟಾಪ್, ಔಷಧಿ ಅಂಗಡಿ, ಹಾಲಿನ ಪ್ಯಾಕೆಟ್, ಎಲ್ಲಾ ಕಡೆ ಎಉಸ್ಕರಾ. ಮೂರನೇ ದಿನ ಜಿಟಿಜಿಟಿ ಮಳೆ ಹಿಡಿಯಿತು. ಮೈಗೆ ತಾಗಿದ್ದೂ ಗೊತ್ತಾಗದಂಥ ಮಳೆ. ಅದಕ್ಕೆ ಅವರ ಪದ 'ಸಿರಿಮಿರಿ'. ಒಂದೇ ಸಮ ಮೆಲ್ಲಗೆ ಸುರಿದರೆ 'ಮಾರಾ ಮಾರಾ'. ಮಳೆಗೆ ಜೋಡಿಪದ ಬೇಕು ಅಂತ ಅವರಿಗೂ ಅನಿಸಿದೆ, ಅಲ್ವಾ?

ಊಟದ ವಿಷಯ ಕೇಳುವವರಿಗೆ ಎರಡು ಮಾತು. ಹಳೆ ಪೇಟೆಯಲ್ಲಿ ಬಾರಿಗೆ ಬಾರು ತಾಗಿಕೊಂಡಿದೆ. ಕಟ್ಟೆಯ ಮೇಲೆ ತಟ್ಟೆ ತಟ್ಟೆ ಪಿಂಚೊ ಜೋಡಿಸಿರುತ್ತಾರೆ. ಬ್ರೆಡ್ಡಿನ ಮೇಲೆ ಏನಾದರೂ ಇಟ್ಟು ಕಡ್ಡಿ ಚುಚ್ಚಿದ ತಿಂಡಿ ಅದು. ಒಂದು ಕಡೆ ಒಂದು ತಿಂದು, ಮುಂದಿನ ಬಾರಿಗೆ ನಡೆಯುವುದು ಅಲ್ಲಿನ ಪದ್ಧತಿ. ನಾನು ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇಲ್ಲ. ತೊರ್ತಿಯಾ ಅನ್ನುವ ದಪ್ಪ ಆಲೂಗಡ್ಡೆ ಆಮ್ಲೆಟ್, ಎಣ್ಣೆಯಲ್ಲಿ ಬಾಡಿಸಿ ಕಲ್ಲುಪ್ಪು ಉದುರಿಸಿದ ಸಣ್ಣ ಹಸಿರು ಮೆಣಸಿನಕಾಯಿ, ಅಣಬೆ, ಇದಿಯಾಸಾಬಾಲ್ ಅನ್ನುವ ಕುರಿಹಾಲಿನ ಚೀಸ್, ಇಷ್ಟರಲ್ಲಿ ಹೊಟ್ಟೆ ತುಂಬುತ್ತಿತ್ತು. ಮೇಲೆ ಕಪ್ಪಗೆ ಕಂದಿ, ಒಳಗೆ ಗಿಣ್ಣದ ಹಾಗೆ ನಡುಗುವ ಚೀಸ್‌ಕೇಕ್ ಈಗ ಲೋಕಕ್ಕೆಲ್ಲ ಗೊತ್ತು. ಅದು ಹುಟ್ಟಿದ್ದು ಇದೇ ಹಳೆ ಪೇಟೆಯ ಲಾ ವಿನ್ಯಾ ಅನ್ನುವ ಬಾರಿನಲ್ಲಿ.

ಈಗ ಆ ಅಜ್ಜಿಯ ವಿಷಯ.

ಆರನೇ ದಿನ ಸಂಜೆ ಲಾ ಕೊಂಚಾದ ಎದುರು ಬೆಂಚಿನಲ್ಲಿ ಕೂತಿದ್ದೆವು. ಪಕ್ಕದಲ್ಲಿ ಒಬ್ಬರು ಅಜ್ಜಿ, ನಾಲ್ಕು ವರ್ಷದ ಮೊಮ್ಮಗ. ನೀಟಾಗಿ ಇಸ್ತ್ರಿ ಮಾಡಿದ ನೀಲಿ ಕೋಟು, ಕಿವಿಯಲ್ಲಿ ಮುತ್ತು. ಹುಡುಗ ಐಸ್‌ಕ್ರೀಮಿಗೆ ಹಟ ಮಾಡುತ್ತಿದ್ದ. ಇಬ್ಬರೂ ಎಉಸ್ಕರಾದಲ್ಲಿ ಮಾತಾಡುತ್ತಿದ್ದರು. ಮಗಳು ತನಗೆ ಬಂದಷ್ಟರಲ್ಲಿ ಏನೋ ಹೇಳಿದಳು. ಅಜ್ಜಿಯ ಮುಖ ಅರಳಿದ್ದು ನೋಡಬೇಕಿತ್ತು. ಮಗಳ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ.

ಅವರಿಗೆ 84. ಹುಟ್ಟಿದ್ದು ಒಳನಾಡಿನ ಒಂದು ಹಳ್ಳಿಯ ರೈತರ ಮನೆಯಲ್ಲಿ. ಮನೆಯಲ್ಲಿ ಬಾಸ್ಕ್ ಬಿಟ್ಟು ಬೇರೆ ಭಾಷೆ ಇರಲಿಲ್ಲ. ಶಾಲೆಗೆ ಹೋದಾಗ ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೋನ ಆಡಳಿತ. ಅಲ್ಲಿ ಸ್ಪ್ಯಾನಿಷ್ ಮಾತ್ರ. ಟೀಚರ ಹತ್ತಿರ ಒಂದು ಉಂಗುರ ಇತ್ತಂತೆ. ಬಾಸ್ಕ್ ಮಾತಾಡಿದ ಮಗುವಿನ ಕೈಗೆ ಅದು ಬರುತ್ತದೆ. ಆ ಮಗು, ಬಾಸ್ಕ್ ಮಾತಾಡುವ ಇನ್ನೊಂದು ಮಗುವನ್ನು ಹಿಡಿದುಕೊಟ್ಟು ಉಂಗುರ ದಾಟಿಸಬೇಕು. ವಾರದ ಕೊನೆಗೆ ಯಾರ ಹತ್ತಿರ ಉಳಿಯುತ್ತದೋ ಅವರಿಗೆ ಪೆಟ್ಟು. ಅಜ್ಜಿ ತಮ್ಮ ಬಲಗೈಯ ಉಂಗುರಬೆರಳನ್ನು ಎಡಗೈಯಿಂದ ಒತ್ತಿ ಹಿಡಿದು ತೋರಿಸಿದರು. ಎಪ್ಪತ್ತು ವರ್ಷದ ಮೇಲೂ ಆ ಬೆರಳನ್ನು ಹಾಗೆ ಉಜ್ಜುತ್ತಿದ್ದರು. "ನಾನು ಒಂದು ಸಲ ನನ್ನ ತಂಗಿಗೇ ದಾಟಿಸಿದೆ" ಅಂದರಂತೆ.

ಮಗಳು ಅನುವಾದ ಮಾಡುತ್ತಾ ಮಾಡುತ್ತಾ ಸುಮ್ಮನಾದಳು. ಮೊಮ್ಮಗನಿಗೆ ಇದೆಲ್ಲ ಗೊತ್ತಿಲ್ಲ. ಅವನು ಹೋಗುವ ಶಾಲೆಯಲ್ಲಿ ಪಾಠ ಪೂರ್ತಿ ಬಾಸ್ಕಿನಲ್ಲೇ. ಈಗ ಅಲ್ಲಿನ ಹೆಚ್ಚಿನ ಮಕ್ಕಳು ಓದುವುದು ಹಾಗೇ. ಸ್ಪ್ಯಾನಿಷ್ ಒಂದು ವಿಷಯವಾಗಿ ಕಲಿಯುತ್ತಾರೆ.

ಅಜ್ಜಿಯ ಬೆರಳಿಗೆ ಉಂಗುರ ಬೀಳುತ್ತಿದ್ದ ಅದೇ ವರ್ಷಗಳಲ್ಲಿ ಫ್ರಾಂಕೋ ಇದೇ ದೊನೋಸ್ತಿಯಾದ ಅಯೆತೆ ಅರಮನೆಗೆ ಪ್ರತಿ ಬೇಸಿಗೆ ರಜೆಗೆ ಬರುತ್ತಿದ್ದ. 1940ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ. ಮರುದಿನ ಆ ಅರಮನೆಯ ತೋಟಕ್ಕೂ ಹೋಗಿ ಬಂದೆವು. ದೊಡ್ಡ ದೊಡ್ಡ ಮರ, ಕೊಳದಲ್ಲಿ ಬಾತುಕೋಳಿ, ಮಕ್ಕಳ ಗಲಾಟೆ. ಆ ಅರಮನೆ ಈಗ ಶಾಂತಿ ಮತ್ತು ಮಾನವ ಹಕ್ಕುಗಳ ಭವನ.

ಆ ಕಾಲದಲ್ಲೇ ಹಳೆ ಪೇಟೆಯಲ್ಲಿ ಎಲ್ಬಿರಾ ಸಿಪಿತ್ರಿಯಾ ಅನ್ನುವ ಟೀಚರ್ ಇದ್ದರು. 1940ರ ದಶಕದಲ್ಲಿ ಅವರು ಗುಟ್ಟಾಗಿ ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಬಾಸ್ಕಿನಲ್ಲಿ ಪಾಠ ಶುರು ಮಾಡಿದರು. ಬೋರ್ಡಿಲ್ಲ, ಹೆಸರಿಲ್ಲ. ಮುಂದೆ ಊರೂರಲ್ಲಿ ಎದ್ದ 'ಇಕಸ್ತೋಲಾ' ಅನ್ನುವ ಬಾಸ್ಕ್ ಶಾಲೆಗಳಿಗೆ ಆ ಮನೆಪಾಠವೇ ದಾರಿಯಾಯಿತು. ನಾನು ಹಳೆ ಪೇಟೆಯ ಬೀದಿಗಳಲ್ಲಿ ತಲೆ ಎತ್ತಿ ಬಾಲ್ಕನಿಗಳನ್ನು ನೋಡುತ್ತಾ ನಡೆದೆ. ಕೆಳಗೆ ಬಾರುಗಳ ಗದ್ದಲ, ಮೇಲೆ ಒಣಗಲು ಹಾಕಿದ ಬಟ್ಟೆ. 1813ರಲ್ಲಿ ಇಂಗ್ಲಿಷ್ ಮತ್ತು ಪೋರ್ಚುಗೀಸ್ ಸೈನಿಕರು ಇಡೀ ಊರನ್ನು ಸುಟ್ಟಾಗ ಹೆಚ್ಚುಕಡಿಮೆ ಒಂದು ಬೀದಿ ಮಾತ್ರ ಉಳಿಯಿತು. ಆ ದಿನದ ತಾರೀಖೇ ಈಗ ಬೀದಿಯ ಹೆಸರು, ಆಗಸ್ಟ್ 31. ಪ್ರತಿ ವರ್ಷ ಆ ರಾತ್ರಿ ಬಾಲ್ಕನಿಗಳಲ್ಲಿ ದೀಪ ಹಚ್ಚುತ್ತಾರಂತೆ. ಮರೆಯದ ಜನ ಇವರು.

ಕೊನೆಯ ಸಂಜೆ ಕೊಲ್ಲಿಯ ಎಡತುದಿಗೆ ಹೋದೆವು. ರಸ್ತೆ ಮುಗಿದು ಬರೀ ಬಂಡೆ ಇರುವ ಜಾಗ. ಆ ಬಂಡೆಗಳಿಗೆ ಮೂರು ದೊಡ್ಡ ಉಕ್ಕಿನ ಉಗುರು ನೆಟ್ಟ ಹಾಗೆ ಶಿಲ್ಪ. ಇದೇ ಊರಿನ ಎದುವಾರ್ದೊ ಚಿಯಿದಾ ಮಾಡಿದ್ದು. 1970ರ ದಶಕದಲ್ಲಿ ನಿಲ್ಲಿಸಿದರು. ಸ್ಪ್ಯಾನಿಷಿನಲ್ಲಿ ಅದರ ಹೆಸರು ಹೇಳುವಾಗ 'ಬಾಚಣಿಗೆ' ಮೊದಲು, 'ಗಾಳಿ' ಆಮೇಲೆ. ಬಾಸ್ಕಿನಲ್ಲಿ 'ಐಸೆಆರೆನ್ ಒರ್ರಾಸಿಆ'. ಗಾಳಿಯ ಬಾಚಣಿಗೆ. ಕನ್ನಡಕ್ಕೆ ತರಲು ಒಂದು ಪದವನ್ನೂ ಆಚೀಚೆ ಮಾಡಬೇಕಿಲ್ಲ.

ನೆಲದ ಕಲ್ಲುಹಾಸಿನಲ್ಲಿ ತೂತುಗಳಿವೆ. ಕೆಳಗೆ ಅಲೆ ಬಡಿದಾಗ ಅದರಿಂದ ಗಾಳಿ ಬುಸ್ ಅಂತ ಮೇಲೆ ಬರುತ್ತದೆ. ಅಲೆ ಜೋರಿದ್ದರೆ ನೀರೂ ಚಿಮ್ಮುತ್ತದೆ. ಮಗಳು ಒಂದು ತೂತಿನ ಮೇಲೆ ಕೈ ಹಿಡಿದು ನಿಂತಿದ್ದಳು.

"ಅಮ್ಮ, ನನ್ನ ಶಾಲೆಯಲ್ಲಿ ಆ ನೋಟ್‌ಬುಕ್ ಇತ್ತಲ್ಲ" ಅಂದಳು.

ಯಾವ ನೋಟ್‌ಬುಕ್ ಅಂತ ನನಗೆ ಗೊತ್ತಿರಲಿಲ್ಲ. ಅವಳನ್ನು ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದೆವು. ಕನ್ನಡ ಮಾತಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಬರೆದಿಡುತ್ತಿದ್ದಳಂತೆ. ಒಂದು ಸಲಕ್ಕೆ ಒಂದು ರೂಪಾಯಿ.

"ನಾನು ನಾಲ್ಕನೇ ಕ್ಲಾಸಲ್ಲಿ ಹದಿನೇಳು ರೂಪಾಯಿ ಕಟ್ಟಿದ್ದೇನೆ."

"ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

"ನೀನು ಕನ್ನಡ ಟೀಚರ್ ಅಲ್ವಾ ಅಮ್ಮ. ನಿಂಗೆ ಬೇಜಾರಾಗ್ತದೆ ಅಂತ. ಅಜ್ಜ ಕೊಟ್ಟ ದುಡ್ಡಲ್ಲಿ ಕಟ್ಟಿದೆ."

ನನಗೆ ಮಾತು ಹೊರಡಲಿಲ್ಲ. ಅದೇ ವರ್ಷ, ಅದೇ ಊರಿನ ಇನ್ನೊಂದು ಶಾಲೆಯಲ್ಲಿ, ನಾನು ಬೇರೆಯವರ ಮಕ್ಕಳಿಗೆ ಮನೆಯಲ್ಲಿ, ಮನೆಯಿಂದ, ಮನೆಗೆ ಅಂತ ಬರೆಸುತ್ತಿದ್ದೆ. ಅವಳ ತಲೆ ಸವರಿದೆ. ಕೂದಲೆಲ್ಲ ಉಪ್ಪುಗಾಳಿಗೆ ಅಂಟಂಟಾಗಿತ್ತು. ಇಬ್ಬರೂ ಕಲ್ಲಿನ ಮೆಟ್ಟಿಲ ಮೇಲೆ ಕೂತೆವು. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ ಹತ್ತಿರ. ಅಷ್ಟು ಹೊತ್ತೂ ಕೂತಿದ್ದೆವು. ಉಬ್ಬರ ಏರುತ್ತಾ ಬಂತು. ತೂತುಗಳ ಸದ್ದೂ ಜೋರಾಯಿತು. ಕೊನೆಗೆ ಅವಳೇ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡಳು.

"ನಿ ಎಚೆರಾ ನೋಆ" ಅಂದಳು.

"ನಡಿ, ನಾನೂ ಬಂದೆ" ಅಂದೆ.