ಮಲ್ಪೆ ಕಲ್ಲಿನ ಮೇಲೆ ಗಾಳದ ಲೆಡ್ಜರ್: ಸೆಪ್ಟೆಂಬರಿನಿಂದ ಏಪ್ರಿಲ್ ತನಕ

ಕಳೆದ ವರ್ಷ ನೂಲು ಹುಣ್ಣಿಮೆ ಕಳೆದ ಮೇಲೆ ಪೇಟೆಗೆ ಹೋಗಿ 200 ಪುಟದ ಒಂದು ಲೆಡ್ಜರ್ ತಂದೆ. ಬ್ಯಾಂಕಿನಲ್ಲಿ 36 ವರ್ಷ ಊರವರ ಲೆಕ್ಕ ಬರೆದವನು ನಾನು. ನಿವೃತ್ತಿಯಾದ ಮೇಲೂ ಪುಸ್ತಕಕ್ಕೆ ಗೆರೆ ಎಳೆಯದಿದ್ದರೆ ಕೈ ತುರಿಸುತ್ತದೆ. ಕಾಲಂ ಹೀಗೆ ಹಾಕಿಕೊಂಡೆ: ತಾರೀಕು, ತಿಥಿ, ಉಬ್ಬರದ ಹೊತ್ತು, ಎರೆ, ಸಿಕ್ಕ ಮೀನು, ಕಳೆದುಹೋದ ಸೀಸ. ಒಂದು ಸೀಸನ್ ಬಿಡದೆ ಬರೆದರೆ ಮಲ್ಪೆ ಬ್ರೇಕ್‌ವಾಟರಿನಲ್ಲಿ (ಅಲೆ ತಡೆಯಲು ಕಡಲಿಗೆ ಹಾಕಿದ ಕಲ್ಲಿನ ದಂಡೆ) ಯಾವ ನೀರಿಗೆ ಯಾವ ಮೀನು ಅಂತ ಗೊತ್ತಾಗಲೇಬೇಕು, ಅಲ್ವಾ? ನನ್ನ ಎಣಿಕೆ ಇಷ್ಟೇ ಇತ್ತು.

ನಾನು ಘಟ್ಟದ ಮೇಲಿನವನು, ತೀರ್ಥಹಳ್ಳಿ ಕಡೆ. ಚಿಕ್ಕವನಿದ್ದಾಗ ತುಂಗೆಯಲ್ಲಿ ಬಿದಿರು ಕೋಲಿಗೆ ದಾರ ಕಟ್ಟಿ, ಬೆಂಡು ಹಾಕಿ, ಎರೆಹುಳ ಚುಚ್ಚಿ ಕೂತದ್ದೇ ನನ್ನ ಅನುಭವ. ಕಡಲಿಗೆ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಉದ್ಯಾವರ ಹೊಳೆ ಕಡಲು ಸೇರುವ ಕಡೆ, ಕಲ್ಲಿನ ಮೇಲೆ ಸಂಜೆ ನಾವು ಐದು ಜನ ಸೇರುತ್ತೇವೆ. ಒಬ್ಬರು ಟೈಲರ್ ಅಣ್ಣ, ವಯಸ್ಸು 72. ಇನ್ನೊಬ್ಬರು ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವವರು. ಮೊಣಕಾಲು ಕೈಕೊಟ್ಟ ಮೇಲೆ ಈಗ ಸುಮ್ನೆ ಖುಷಿಗೆ ಗಾಳ ಹಾಕುತ್ತಾರೆ. ಹೈಸ್ಕೂಲಿನ ಮೇಷ್ಟ್ರು ಒಬ್ಬರು. ಮತ್ತೆ ಕಾಕ, ದುಬಾಯಿಯಲ್ಲಿ 20 ವರ್ಷ ಲಾರಿ ಓಡಿಸಿ ಬಂದ ಬ್ಯಾರಿ. ಅವರವರ ನಡುವೆ ತುಳು, ನನ್ನ ಕಡೆ ತಿರುಗಿದರೆ ಕನ್ನಡ. ಎಲ್ಲರಿಗೂ ಒಂದೊಂದು ಕಲ್ಲು ಖಾಯಂ. ಯಾರೂ ಹಂಚಿಕೊಟ್ಟದ್ದಲ್ಲ. ಆದರೆ ತಪ್ಪಿ ಬೇರೆಯವರ ಕಲ್ಲಿನ ಮೇಲೆ ಕೂತರೆ ತಕ್ಷಣ ಗೊತ್ತಾಗುತ್ತದೆ, ನನಗೆ ಮೊದಲನೇ ದಿನವೇ ಗೊತ್ತಾಯಿತು.

ಸೆಪ್ಟೆಂಬರ್

9 ಸಲ ಹೋದೆ. ಮೀನು 3, ಅದರಲ್ಲಿ 2 ತೇಡೆ (ಮೀಸೆ ಇರುವ ಮೀನು). ದಾರ ಮುಳುಗಲು ಕಟ್ಟುವ ಸೀಸದ ಗುಂಡು ಕಳೆದುಹೋದದ್ದು 14. ಮೀನಿಗಿಂತ ಸೀಸದ ಕಾಲಮ್ಮೇ ತುಂಬುತ್ತಿತ್ತು.

ಕಲ್ಲಿನ ಸಂದಿಗೆ ಗುಂಡು ಸಿಕ್ಕಿಬಿದ್ದು, ನಾನು ರಾಡ್ ಬಗ್ಗಿಸಿ ಎಳೆದು, ಕೊನೆಗೆ ಗಾಳ, ಸ್ವಿವೆಲ್ ಎಲ್ಲ ಸೇರಿ ಹೋಗುವುದನ್ನು ಕಾಕ ಮೂರು ವಾರ ನೋಡಿದರು. ನಾಲ್ಕನೇ ವಾರ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಸುರಿದರು. ಗ್ಯಾರೇಜಿನಲ್ಲಿ ಬಿಸಾಡಿದ ಹಳೇ ಸ್ಪಾರ್ಕ್ ಪ್ಲಗ್.

"ಇದಕ್ಕೆ ದುಡ್ಡಿಲ್ಲ. ಹೋದ್ರೆ ಹೋಗ್ಲಿ," ಅಂದರು.

ಗುಟ್ಟು ಪ್ಲಗ್ಗಿಗಿಂತ ಅದನ್ನು ಕಟ್ಟುವ ದಾರದಲ್ಲಿ ಉಂಟು. ನನ್ನ ಮುಖ್ಯ ದಾರ 0.40 ಮಿಲಿಮೀಟರ್. ಪ್ಲಗ್ಗನ್ನು ಅದಕ್ಕೆ ನೇರ ಕಟ್ಟಬಾರದು. ನಡುವೆ ಒಂದು ಗೇಣು 0.25ರ ತೆಳು ದಾರ ಹಾಕಬೇಕು. ಪ್ಲಗ್ ಸಿಕ್ಕಿಬಿದ್ದರೆ ಆ ತೆಳು ದಾರ ಮಾತ್ರ ಹರಿಯುತ್ತದೆ, ಗಾಳವೂ ಮೀನೂ ಮೇಲೆ ಬರುತ್ತವೆ. ಅಕ್ಟೋಬರಿನಲ್ಲಿ 11 ಪ್ಲಗ್ ಹೋಯಿತು, ಗಾಳ ಹೋದದ್ದು ಎರಡೇ.

ಮೇಷ್ಟ್ರಿಗೆ ಸಮಾಧಾನ ಇಲ್ಲ. "ಸೀಸ ಬಿಟ್ರಿ, ಸರಿ. ಈಗ ಕಡಲಿಗೆ ಗ್ಯಾರೇಜ್ ಸಾಮಾನು ಹಾಕ್ತಾ ಇದ್ದೀರಲ್ಲ?" ಅಂದರು. ಅವರು ಹೇಳಿದ್ದು ಸರಿಯೇ. ಆಮೇಲೆ ನಾವು ಹೊಳೆಕಲ್ಲಿಗೆ ಬಂದೆವು. ಲಿಂಬೆ ಗಾತ್ರದ ಕಲ್ಲಿಗೆ ಟೈಲರ್ ಅಣ್ಣನ ಹತ್ತಿ ನೂಲು ಅಡ್ಡ-ಉದ್ದ ನಾಲ್ಕು ಸುತ್ತು. ಸಿಕ್ಕಿಬಿದ್ದರೆ ಹತ್ತಿ ಹರಿಯುತ್ತದೆ. ಕಲ್ಲು ಕಡಲಿಗೆ ಹೋದರೆ ಕಡಲಿಗೆ ಏನೂ ಹೊಸದಲ್ಲ. ಸ್ವಲ್ಪ ಹತ್ತಿರವೇ ಬೀಳುತ್ತದೆ, ದೂರ ಎಸೆಯಲು ಆಗುವುದಿಲ್ಲ. ನಮ್ಮ ಜಾಗಕ್ಕೆ ಅಷ್ಟು ಸಾಕು.

ಅಕ್ಟೋಬರ್

ಎರೆಯ ವಿಷಯ. ನಾನು ಮಾರ್ಕೆಟಿನಿಂದ ಬೂತಾಯಿ (ಸಾರ್ಡೀನ್) ತಂದು ತುಂಡು ಮಾಡಿ ಚುಚ್ಚುತ್ತಿದ್ದೆ. ಮೆತ್ತಗಿನ ಮೀನು, ಬೀಸಿ ಎಸೆದರೆ ಗಾಳ ಒಂದು ಕಡೆ, ತುಂಡು ಒಂದು ಕಡೆ. ಉಳಿದದ್ದನ್ನು ಏಡಿ ತಿಂದು ಹೋಗುತ್ತಿತ್ತು.

ಟೈಲರ್ ಅಣ್ಣ ಒಂದು ದಿನ ತನ್ನ ಡಬ್ಬಿ ತೆರೆದು ತೋರಿಸಿದರು. ಬೂತಾಯಿಯ ಮಾಂಸ ಉದ್ದುದ್ದ ಸೀಳಿ, ಕಲ್ಲುಪ್ಪು ಹಾಕಿ, ಪೇಪರಿನಲ್ಲಿ ಸುತ್ತಿ ಎರಡು ದಿನ ಇಟ್ಟದ್ದು. ನೀರೆಲ್ಲ ಬಿಟ್ಟು ಚರ್ಮದ ಹಾಗೆ ಗಟ್ಟಿಯಾಗಿತ್ತು. ಅದನ್ನು ಗಾಳಕ್ಕೆ ಚುಚ್ಚಿ, ಜೇಬಿನಿಂದ ಒಂದು ಬಾಬಿನ್ ತೆಗೆದರು. ಎಲಾಸ್ಟಿಕ್ ದಾರ. ಹೆಂಗಸರ ರವಿಕೆ ತೋಳಿಗೆ, ಮಕ್ಕಳ ಫ್ರಾಕಿಗೆ ಹೊಲಿಯುವಂಥದ್ದು. ಎಳೆದು ಹಿಡಿದು ಹತ್ತು ಸುತ್ತು ಸುತ್ತಿದರು, ಆಮೇಲೆ ಪಟ್ ಅಂತ ಹರಿದರು. ಗಂಟೇ ಇಲ್ಲ.

"ಗಂಟು ಹಾಕುದಿಲ್ವಾ?"

"ಎಂತಕ್ಕೆ? ಎಳೆದ ಎಲಾಸ್ಟಿಕ್ ಅಲ್ವಾ, ಅದನ್ನ ಅದೇ ಹಿಡ್ಕೊಳ್ತದೆ."

ನಿಜ. ಮೂರು ಸಲ ಎಸೆದರೂ ಎರೆ ಅಲ್ಲಾಡಲಿಲ್ಲ. ಉಪ್ಪು ಹಾಕಿದ ಬೂತಾಯಿ ಈಗ ನಮ್ಮ ಮನೆ ಫ್ರೀಜರಿನಲ್ಲಿ ಐಸ್‌ಕ್ರೀಮ್ ಡಬ್ಬಿಯೊಳಗೆ ಇರುತ್ತದೆ. ಮೊಮ್ಮಗಳು ಬಂದಾಗ ಏನಾಯಿತು ಅಂತ ಬರೆಯುವುದಿಲ್ಲ.

ಕಾಣೆಗೆ ಮಾತ್ರ ಇದು ಹಿಡಿಸುವುದಿಲ್ಲ. ಅದು ಮರಳಿನ ಮೇಲೆ ಹುಳ, ಸಣ್ಣ ಸಿಗಡಿ ಹುಡುಕಿ ತಿನ್ನುವ ಮೀನು. ಬಾಯಿ ಸಣ್ಣದು, ಗಾಳವೂ ಸಣ್ಣದಿರಬೇಕು. ಕಚ್ಚಿದರೆ ಬಾಗಿಲಿಗೆ ಬೆರಳಿನ ಉಗುರಿನಿಂದ ತಟ್ಟಿದ ಹಾಗೆ, ಟಿಕ್ ಟಿಕ್. ರಾಡಿನ ತುದಿ ನೋಡಿದರೆ ಕಾಣಿಸುವುದಿಲ್ಲ, ದಾರದ ಮೇಲೆ ತೋರುಬೆರಳು ಇಟ್ಟರೆ ಗೊತ್ತಾಗುತ್ತದೆ. ಇದು ನನಗೆ ಬರಲು ಪೂರಾ ಒಂದು ತಿಂಗಳು ಹಿಡಿಯಿತು. ಈ ತಿಂಗಳೇ ಲೆಡ್ಜರಿನಲ್ಲಿ ಹೊಸ ಕಾಲಂ ಗೆರೆ ಹಾಕಿದೆ: ಪಕ್ಕದಲ್ಲಿ ಯಾರು. ತಾ, ಟೈ, ಮೇ, ಕಾ.

ನವೆಂಬರ್

ನಾನು ಫೋನಿನಲ್ಲಿ ಉಬ್ಬರದ ಹೊತ್ತು ನೋಡಿ ಹೊರಡುತ್ತೇನೆ. ತಾಂಡೇಲರು ಫೋನ್ ನೋಡುವುದಿಲ್ಲ, ಆದರೂ ನನಗಿಂತ ಸರಿಯಾದ ಹೊತ್ತಿಗೆ ಬಂದು ಕೂತಿರುತ್ತಾರೆ. ಹೇಗೆ ಅಂತ ಕೇಳಿದೆ.

"ತಿಥಿಗೆ ಎರಡು ಗಳಿಗೆ," ಅಂದರು. ಅಷ್ಟೇ.

ಮನೆಗೆ ಬಂದು ಲೆಕ್ಕ ಹಾಕಿದೆ. ಗಳಿಗೆಗೆ 24 ನಿಮಿಷ, ಎರಡು ಗಳಿಗೆಗೆ 48. ಹುಣ್ಣಿಮೆ ದಿನದ ಉಬ್ಬರ ಎಷ್ಟು ಹೊತ್ತಿಗೆ ಅಂತ ಒಂದು ನೆನಪಿದ್ದರೆ ಸಾಕು, ಆಮೇಲೆ ತಿಥಿಗೆ 48 ನಿಮಿಷ ಕೂಡಿಸುತ್ತಾ ಹೋಗುವುದು. ತಿಂಗಳಿಗೆ ತಿಥಿ 30. ಮೂವತ್ತನ್ನು 48ರಿಂದ ಗುಣಿಸಿದರೆ 1440 ನಿಮಿಷ. ಸರಿಯಾಗಿ 24 ಗಂಟೆ! ಮುಂದಿನ ಹುಣ್ಣಿಮೆಗೆ ಗಡಿಯಾರ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಟ್ರಯಲ್ ಬ್ಯಾಲೆನ್ಸ್ ಒಂದೇ ಸಲಕ್ಕೆ ತಾಳೆಯಾದಾಗ ಆಗುತ್ತಿದ್ದ ಖುಷಿ ಆಯಿತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕುಕ್ಕರ್ ಸೀಟಿ ಎಣಿಸುತ್ತಿದ್ದಳು.

ಆ ತಿಂಗಳು ಪೂರ್ತಿ ಫೋನಿನ ಹೊತ್ತು, ಪಂಚಾಂಗದ ಹೊತ್ತು ಎರಡನ್ನೂ ಬರೆದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ಚೆನ್ನಾಗಿ ಹೊಂದಿತು. ಅಷ್ಟಮಿ ಹತ್ತಿರ ಬಂದಾಗ ಅರ್ಧ ಗಂಟೆ ಆಚೀಚೆ. ತಪ್ಪು ಹಿಡಿದೆ ಅಂತ ಓಡಿಹೋಗಿ ಹೇಳಿದರೆ ತಾಂಡೇಲರು ನಕ್ಕರು. "ಅಷ್ಟಮಿ ನೀರು ಸೋಮಾರಿ ನೀರು. ಏರುದೂ ಕಡಿಮೆ, ಇಳಿಯುದೂ ಕಡಿಮೆ. ಆ ದಿವಸ ಹೊತ್ತು ನೋಡಿ ಎಂತ ಮಾಡ್ತೀರಿ? ಮನೇಲಿ ಮಲಗಿ." ಉಬ್ಬರ ದಿನಾ ಒಂದೇ ಅಳತೆಗೆ ಮುಂದೆ ಹೋಗುವುದಿಲ್ಲ, ಹುಣ್ಣಿಮೆ ಕಡೆ ಕಡಿಮೆ, ಅಷ್ಟಮಿ ಕಡೆ ಜಾಸ್ತಿ. 48 ಅನ್ನುವುದು ಸರಾಸರಿ. ಇದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದ್ದರು.

ಡಿಸೆಂಬರ್

ಈ ಒಂದು ಸಂಜೆಯನ್ನು ಉದ್ದಕ್ಕೆ ಬರೆಯಲೇಬೇಕು.

ಅಮಾವಾಸ್ಯೆಯ ಮರುದಿನ, ಪಾಡ್ಯ. ಕತ್ತಲಾಗುವ ಹೊತ್ತಿಗೆ ನನ್ನ ರಾಡ್ ದಡಕ್ಕನೆ ಬಗ್ಗಿತು. ಎರಡು ಸುತ್ತು ರೀಲ್ ತಿರುಗಿಸಿದೆ, ಆಮೇಲೆ ಗೋಡೆಗೆ ಕಟ್ಟಿದ ಹಾಗೆ ನಿಂತುಬಿಟ್ಟಿತು. ಕಲ್ಲಿಗೆ ಸಿಕ್ಕಿತು ಅಂದುಕೊಂಡು ಎಳೆಯಲು ಹೊರಟೆ.

"ಎಳೀಬೇಡಿ! ಮುರು ಅದು."

ಮುರು ಕಲ್ಲಿನ ಮೀನು. ಗಾಳ ಕಚ್ಚಿದ ಕೂಡಲೇ ಬಿಲಕ್ಕೆ ನುಗ್ಗಿ, ಕಿವಿರು, ರೆಕ್ಕೆ ಎಲ್ಲ ಅಗಲಿಸಿ ಬಿರಡೆಯ ಹಾಗೆ ಕೂರುತ್ತದೆ. ಎಳೆದಷ್ಟೂ ಅದು ಗಟ್ಟಿ, ದಾರ ಕಲ್ಲಿಗೆ ಉಜ್ಜಿ ಹರಿಯುತ್ತದೆ. ತಾಂಡೇಲರು ನನ್ನ ಕೈಯಿಂದ ರಾಡ್ ತೆಗೆದುಕೊಳ್ಳಲಿಲ್ಲ. ದಾರ ಪೂರ್ತಿ ಸಡಿಲ ಬಿಡಿ ಅಂದರು. ಬಿಟ್ಟೆ. "ಈಗ ಚಾ ಕುಡಿಯುವ."

ನನಗೆ ಚಾ ಇಳಿಯುತ್ತಿಲ್ಲ. ಕಾಕ ಲೋಟ ಕೊಟ್ಟರು, ಮೇಷ್ಟ್ರು ಚುನಾವಣೆ ಮಾತು ತೆಗೆದರು, ಯಾರೂ ನೀರಿನ ಕಡೆ ನೋಡಲೇ ಇಲ್ಲ. ಕೈಯಲ್ಲಿ ಬ್ಯಾಟರಿ ಹಿಡಿದು ನಾನೊಬ್ಬನೇ ದಾರ ನೋಡುತ್ತಾ ಕೂತೆ. ಹತ್ತು ನಿಮಿಷ ಆಗಿರಬೇಕು. ಜೋತುಬಿದ್ದ ದಾರ ಮೆಲ್ಲ ನೆಟ್ಟಗಾಯಿತು. ಎಡಕ್ಕೆ ಒಂದು ಮೊಳ ಸರಿಯಿತು. ಅಪಾಯ ಕಳೆಯಿತು ಅಂತ ಅದು ಹೊರಗೆ ಬಂದಿತ್ತು.

"ಈಗ," ಅಂದರು ತಾಂಡೇಲರು, ಲೋಟ ಕೆಳಗಿಡದೆ.

ಎತ್ತಿದೆ. ಬಂತು. ಮನೆಯ ತಕ್ಕಡಿಯಲ್ಲಿ 1 ಕೆಜಿ 350 ಗ್ರಾಂ. ಲೆಡ್ಜರಿನಲ್ಲಿ ನನ್ನ ಹೆಸರಿಗೆ ಬರೆದಿದ್ದೇನೆ, ಮನಸ್ಸಿಗೆ ಸ್ವಲ್ಪ ಮುಜುಗರ ಇದ್ದರೂ.

ಗೇಣುದ್ದಕ್ಕಿಂತ ಸಣ್ಣ ಮುರು ಸಿಕ್ಕಿದರೆ ನಾವು ವಾಪಸ್ ಬಿಡುತ್ತೇವೆ. ಕಾಕ ಬಿಡುವಾಗ ಏನೋ ಗೊಣಗುತ್ತಾರೆ. ಬೈಯುವುದೋ ಹರಸುವುದೋ ಇನ್ನೂ ಗೊತ್ತಾಗಿಲ್ಲ.

ಜನವರಿ

ನನ್ನ ಅವಸರದ ಫಲ. ತೇಡೆಯನ್ನು ಗಾಳದಿಂದ ಬಿಡಿಸುವಾಗ ಅದು ಕೊಸರಿತು, ಬೆನ್ನಿನ ಮುಳ್ಳು ಹೆಬ್ಬೆರಳಿಗೆ ಹೊಕ್ಕಿತು. ತೇಡೆಯ ಬೆನ್ನಿಗೆ ಒಂದು, ಎರಡು ಬದಿಗೆ ಒಂದೊಂದು ಮುಳ್ಳು, ಮೂರಕ್ಕೂ ವಿಷ. ನೋವು ಮೊಣಕೈ ತನಕ ಏರಿತು, ಬೆವರು ಬಂತು.

ಕಾಕ ಫ್ಲಾಸ್ಕಿನ ಚಾ ಲೋಟಕ್ಕೆ ಸುರಿದು, ಮೊದಲು ತನ್ನ ಬೆರಳು ಅದ್ದಿ ನೋಡಿದರು. ಇಷ್ಟು ಬಿಸಿ ತಡೆಯಬಹುದು ಅಂತಾದ ಮೇಲೆ ನನ್ನ ಹೆಬ್ಬೆರಳು ಮುಳುಗಿಸಿದರು. ಆರಿದ ಹಾಗೆ ಮತ್ತೆ ಮತ್ತೆ ಸುರಿದರು. ಈ ವಿಷ ಬಿಸಿಗೆ ಕೆಡುತ್ತದೆ, ಮಂಜುಗಡ್ಡೆ ಇಡಬಾರದು. ತೊರಕೆ ಮೀನು ಬಾಲದ ಮುಳ್ಳಿನಿಂದ ಹೊಡೆದರೂ ಇದೇ. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕೆ ಇಳಿಯಿತು. ಆಮೇಲೆ ಮೇಷ್ಟ್ರು ಸ್ಕೂಟರಿನಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಮುರಿದ ತುದಿ ತೆಗೆದು ಟಿಟಿ ಹಾಕಿದರು. ಇದು ಬಿಟ್ಟರೆ ತಪ್ಪಾಗುತ್ತದೆ, ಒಳಗೆ ಉಳಿದ ಮುಳ್ಳು ಕೀವು ಕಟ್ಟುತ್ತದೆ. ಎರೆಯ ಕಾಲಮ್ಮಿನಲ್ಲಿ ಆ ದಿನ "ನಾನೇ" ಅಂತ ಬರೆದೆ. ಈಗ ತೇಡೆ ಬಂದರೆ ಇಕ್ಕಳ, ಹಳೇ ಬಟ್ಟೆ.

ಫೆಬ್ರವರಿ, ಮಾರ್ಚ್

ಟೈಲರ್ ಅಣ್ಣನಿಗೆ ಕಣ್ಣಿನ ಪೊರೆ ಅಂತ ನಮಗೆ ಗೊತ್ತೇ ಇರಲಿಲ್ಲ. ನೂಲಿನ ಮೇಲೆ ಬದುಕಿದವರು, ಗಾಳಕ್ಕೆ ದಾರ ಪೋಣಿಸಲು ಆಕಾಶಕ್ಕೆ ಹಿಡಿದು ಹುಡುಕುತ್ತಿದ್ದರು. ನಾನು ಮನೆಯಲ್ಲೇ ಹತ್ತು ಗಾಳ ಕಟ್ಟಿ, ಥರ್ಮಾಕೋಲ್ ತುಂಡಿಗೆ ಚುಚ್ಚಿ ತಂದುಕೊಡಲು ಶುರುಮಾಡಿದೆ. ದಾರ ಮಡಚಿ ಕಣ್ಣಿಗೆ ತೂರಿಸಿ, ಸಾದಾ ಗಂಟು ಹಾಕಿ, ಆ ಕುಣಿಕೆಯೊಳಗೆ ಗಾಳ ದಾಟಿಸುವ ಕಟ್ಟು. ಎಳೆಯುವ ಮೊದಲು ಎಂಜಲು ಹಚ್ಚಬೇಕು, ಒಣ ನೈಲಾನ್ ಉಜ್ಜಿ ಬಿಸಿಯಾಗಿ ಸೋಲುತ್ತದೆ. ಇದನ್ನು ನನಗೆ ಹೇಳಿಕೊಟ್ಟವರೂ ಅವರೇ. ತೆಗೆದುಕೊಂಡರು, ಏನೂ ಹೇಳಲಿಲ್ಲ. ಒಂದು ಗಾಳ ಎಳೆದು ನೋಡಿ, ಗಂಟು ಪಾಸ್ ಮಾಡಿದರು.

ಆಪರೇಷನ್ ಆಯಿತು. ನೀರು ತಾಗಬಾರದು, ಬಗ್ಗಬಾರದು, ಗಾಳಿಗೆ ಹೋಗಬಾರದು. ಐದು ವಾರ ಬರಲಿಲ್ಲ. ಅವರ ಕಲ್ಲಿನ ಮೇಲೆ ಯಾರೂ ಕೂರಲಿಲ್ಲ. ಪ್ರವಾಸಿ ಹುಡುಗನೊಬ್ಬ ಸೆಲ್ಫಿಗೆ ಹತ್ತಿದಾಗ ಮೇಷ್ಟ್ರು ಕ್ಲಾಸಿನ ದನಿಯಲ್ಲೇ ಇಳಿಸಿದರು.

ಮೀನು ಸಾಧಾರಣ. ಎರಡು ಏರಿ, ಒಂದು ಕೆಂಬೇರಿ, ಕಾಣೆ ಅಷ್ಟಕ್ಕಷ್ಟೆ.

ಏಪ್ರಿಲ್

ಮೊದಲನೇ ವಾರ. ಗಾಳಿ ಇಲ್ಲ, ಕಡಲು ಎಣ್ಣೆ ಸುರಿದ ಹಾಗೆ. ಒಳ್ಳೆಯ ದಿನ ಅಂತ ಹೋದರೆ ತಾಂಡೇಲರು ಸಾಮಾನು ಕಟ್ಟುತ್ತಿದ್ದರು. "ಅಲೆ ಅಲೆಯ ನಡುವೆ ಹೊತ್ತು ಜಾಸ್ತಿ ಆಗಿದೆ. ಎಣಿಸಿ ನೋಡಿ." ಎಣಿಸಿದೆ, ನಿಜವಾಗಿಯೂ ಉದ್ದ ಬಿಡುವು. ತೆಂಕಣ ಸಾಗರದಲ್ಲೆಲ್ಲೋ ಎದ್ದ ಅಲೆ ದಿನಗಟ್ಟಲೆ ಬಂದು ಇಲ್ಲಿ ಏರುತ್ತದೆ. ಕೇರಳದವರು ಕಳ್ಳ ಕಡಲು ಅನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಎಚ್ಚರಿಕೆ ಕೊಡುತ್ತದೆ, ಆ ದಿನದ್ದೂ ನನ್ನ ಫೋನಿಗೆ ಬಂದಿತ್ತು. ನಾನು ಉಬ್ಬರದ ಹೊತ್ತು ಮಾತ್ರ ನೋಡಿ ಬಂದಿದ್ದೆ. ಮೇಲೆ ರಸ್ತೆಗೆ ಬಂದು ನಿಂತು ನೋಡಿದೆವು. ನಾವು ಕೂರುವ ಕಲ್ಲುಗಳ ಮೇಲೆ ನೀರು ಎರಡು ಸಲ ಹಾದುಹೋಯಿತು.

ಮೂರನೇ ವಾರ ಟೈಲರ್ ಅಣ್ಣ ಬಂದರು, ಕಪ್ಪು ಕನ್ನಡಕ ಹಾಕಿಕೊಂಡು. ಮೊದಲು ಎಲ್ಲರ ಮುಖ ನೋಡಿದರು. "ಕಾಕಾ, ನಿಮ್ಗೆ ಇಷ್ಟು ವಯಸ್ಸಾಗಿದೆ ಅಂತ ಗೊತ್ತಿರ್ಲಿಲ್ಲ ಮಾರಾಯ್ರೆ," ಅಂದರು. ಆಮೇಲೆ ನನ್ನ ಲೆಡ್ಜರ್ ಕೇಳಿದರು. ಮೊದಲ ಸಲ ಓದುತ್ತಿದ್ದಾರೆ ಅಂತ ಆಗ ಹೊಳೆಯಿತು.

"ಬ್ಯಾಂಕಿನವ್ರೆ, ಈ 'ಟೈ' ಅಂದ್ರೆ ಎಂತ?"

"ನೀವು."

ಪುಟ ತಿರುಗಿಸಿದರು. "ಮಾರ್ಚಿಯಲ್ಲಿ ಟೈ ಇಲ್ಲ. ಮೀನೂ ಇಲ್ಲ."

"ನೀರು ಸರಿ ಇರ್ಲಿಲ್ಲ."

"ಹೌದಾ," ಅಂದರು. ಥರ್ಮಾಕೋಲಿನಲ್ಲಿದ್ದ ನನ್ನ ಗಾಳಗಳನ್ನು ಪಕ್ಕಕ್ಕಿಟ್ಟು, ಜೇಬಿನಿಂದ ಬರಿ ಗಾಳ ಒಂದು ತೆಗೆದು, ದಾರದ ತುದಿ ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿದರು.

ಆ ದಿನದ ಸಾಲು: ಏಕಾದಶಿ, ಎರೆ ಸಿಗಡಿ, ಕಾಣೆ 2, ಇಬ್ಬರಿಗೂ ಒಂದೊಂದು. ಹೋದ ಕಲ್ಲು 3. ಪಕ್ಕದಲ್ಲಿ: ಟೈ.

ಮಳೆಗೆ ಇನ್ನೂ ಆರು ವಾರ ಉಂಟು. ಕಲ್ಲುಪ್ಪು ಮುಗಿದಿದೆ, ನಾಳೆ ತರಬೇಕು.