ಡಾರ್ಕ್ ಸೋಲ್ಸಿಗೆ ಕತೆ ಉಂಟಾ?

“ಅಣ್ಣಾ, ನೂರು ಸಲ ಸತ್ತೆ. ಕತೆ ಎಂತ ಅಂತಲೇ ಗೊತ್ತಾಗ್ಲಿಲ್ಲ. ಇದಕ್ಕೆ ಕತೆ ಉಂಟಾ?” ಡಾರ್ಕ್ ಸೋಲ್ಸ್ ಅನ್ನುವ ವಿಡಿಯೊ ಗೇಮ್ ಆಡುವ ಹುಡುಗರು ನಮ್ಮ ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ ಸಿಕ್ಕಿದರೂ ಇದನ್ನೇ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕಿದರೂ ಇದನ್ನೇ.

ಉಂಟು. ಆದರೆ ಯಾರೂ ಕೂರಿಸಿ ಹೇಳುವುದಿಲ್ಲ. ಶುರುವಿನ ವಿಡಿಯೊದಲ್ಲಿ ಒಂದಿಷ್ಟು ಬರುತ್ತದೆ: ಡ್ರ್ಯಾಗನ್‌ಗಳ ಕಾಲ, ಮೊದಲ ಬೆಂಕಿ, ಆ ಬೆಂಕಿಯಿಂದ ಬಲ ಪಡೆದ ಸೂರ್ಯನ ಬೆಳಕಿನ ದೊರೆ ಗ್ವಿನ್ ಮಿಂಚಿನಿಂದ ಡ್ರ್ಯಾಗನ್‌ಗಳನ್ನು ಹೊಡೆದದ್ದು. ಉಳಿದದ್ದು ಜಾಸ್ತಿ ಆಟದೊಳಗೆ ನಿಮ್ಮ ಚೀಲದಲ್ಲೇ ಇದೆ. ಉಂಗುರ, ಕತ್ತಿ, ಕವಚ, ಒಂದೊಂದಕ್ಕೂ ನಾಲ್ಕು ಸಾಲಿನ ವಿವರಣೆ. ನಾವು ಡ್ಯಾಮೇಜ್ ಎಷ್ಟು ಅಂತ ನೋಡಿ ಮುಚ್ಚುತ್ತೇವೆ, ಅಲ್ವಾ?

ಒಂದು ಉಂಗುರ ಉಂಟು, ಸೂರ್ಯನ ಚೊಚ್ಚಲ ಮಗನದ್ದು. ಗ್ವಿನ್‌ನ ದೊಡ್ಡ ಮಗ ಯುದ್ಧದ ದೇವರಾಗಿದ್ದ, ಏನೋ ಮೂರ್ಖತನ ಮಾಡಿ ದೇವರ ಪಟ್ಟ ಕಳೆದುಕೊಂಡ, ಈಗ ಅವನ ಹೆಸರೂ ಯಾರಿಗೂ ಗೊತ್ತಿಲ್ಲ ಅಂತ ಅದರಲ್ಲಿ ಬರೆದಿದೆ. ದೇವರುಗಳ ಪಟ್ಟಣ ಅನೋರ್ ಲೊಂಡೊದಲ್ಲಿ ಅಪ್ಪನ ಮೂರ್ತಿ ಇದೆ, ಮಗಳದ್ದಿದೆ, ಇನ್ನೊಂದು ಪೀಠದ ಮೇಲೆ ಮೂರ್ತಿ ಇಲ್ಲ. 2011ರ ಮೊದಲ ಆಟ ಅಲ್ಲಿಗೇ ಬಿಡುತ್ತದೆ. 2016ರಲ್ಲಿ ಸರಣಿಯ ಮೂರನೆಯ ಆಟ ಬಂತು. ಅದರಲ್ಲಿ ಡ್ರ್ಯಾಗನ್‌ನಂಥ ಪ್ರಾಣಿಯ ಮೇಲೆ ಕುಳಿತು ಬರುವ ರಾಜನೊಬ್ಬನಿದ್ದಾನೆ. ಹೆಸರೇ ‘ಹೆಸರಿಲ್ಲದ ರಾಜ’. ಅವನ ಕಿರೀಟದ ಬೂದಿ ಬಣ್ಣದ ಕೂದಲು ಗ್ವಿನ್‌ನ ಕೂದಲಿನ ಹಾಗೇ ಇದೆಯಂತೆ. ಅಪ್ಪ ಕೊಂದ ಡ್ರ್ಯಾಗನ್‌ಗಳ ಪಕ್ಷವನ್ನೇ ಮಗ ಸೇರಿದ್ದ! ಇವನೇ ಅವನು ಅಂತ ಆಟ ನೇರವಾಗಿ ಹೇಳುವುದಿಲ್ಲ.

ನಮ್ಮೂರಲ್ಲಿ ಆಟ ಅಂದರೆ ಯಕ್ಷಗಾನ. ನಾವು ಆಟಕ್ಕೆ ಹೋಗುತ್ತಿದ್ದದ್ದೇ ನಡುರಾತ್ರಿಗೆ, ಅರ್ಧ ಪ್ರಸಂಗ ಮುಗಿದ ಮೇಲೆ. ಅಜ್ಜಿ ಯಾರನ್ನೂ ಕೇಳುತ್ತಿರಲಿಲ್ಲ. ಕಿರೀಟ ನೋಡಿ, ಮುಖದ ಬಣ್ಣ ನೋಡಿ, ಎರಡು ಪದ ಕೇಳಿ, “ಓ, ವಾಲಿ ಸತ್ತಾಯ್ತು, ಇದು ಲಂಕೆ” ಅನ್ನುತ್ತಿದ್ದರು.

ಯೂಟ್ಯೂಬಿನಲ್ಲಿ ಎಲ್ಲ ಬಿಡಿಸಿ ಹೇಳುವವರಿದ್ದಾರೆ. ನೋಡಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ಒಂದು ಸಲ ಸುಮ್ನೆ ಚೀಲ ಬಿಚ್ಚಿ ಓದಿ. ಈ ಆಟ ಮಾಡಿದ ಹಿಡೆಟಾಕ ಮಿಯಾಝಾಕಿ ಚಿಕ್ಕವರಿದ್ದಾಗ ಪೂರ್ತಿ ಅರ್ಥವಾಗದ ಪುಸ್ತಕಗಳನ್ನೇ ಓದಿ, ಬಿಟ್ಟುಹೋದದ್ದನ್ನು ಊಹೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ನನಗೆ ನಗು ಬಂತು. ಕನ್ನಡ ಶಾಲೆಯಲ್ಲಿ ಕಲಿತ ನಾನು ಬಸ್ಸಿನ ಮಲಯಾಳಂ ಬೋರ್ಡನ್ನು ಮೊದಲ ಅಕ್ಷರ ನೋಡಿಯೇ ಓದುತ್ತಿದ್ದವ. ಬದಿಯಡ್ಕಕ್ಕೆ ಅಂತ ಹತ್ತಿ ಒಮ್ಮೆ ಬಂದ್ಯೋಡಿನಲ್ಲಿ ಇಳಿದಿದ್ದೆ.